ಕಜುಸಾ-ನಕಾನೊ: ಗುರಿ ಮುಟ್ಟದ ಎರಡು ರೈಲುಮಾರ್ಗಗಳ ನಿಲ್ದಾಣ

ಟೋಕಿಯೊ ಕೊಲ್ಲಿಗೂ ಪೆಸಿಫಿಕ್ ಸಾಗರಕ್ಕೂ ನಡುವೆ ಚಾಚಿಕೊಂಡಿರುವ ಬೋಸೊ ಪರ್ಯಾಯ ದ್ವೀಪದ ಒಳನಾಡಿನಲ್ಲಿ, ಚಿಬಾ ಪ್ರಾಂತ್ಯದ ಓತಾಕಿ ಪಟ್ಟಣದ ಆಡಳಿತಕ್ಕೆ ಸೇರಿದ ಗುಡ್ಡಗಾಡಿನಲ್ಲಿ ಕಜುಸಾ-ನಕಾನೊ ನಿಲ್ದಾಣವಿದೆ. ಕೊಲ್ಲಿಯ ಕಡೆಯ ಗೋಯಿ ಎಂಬಲ್ಲಿಂದ ಹೊರಟ ಕೊಮಿನಾತೊ ರೈಲ್ವೆ 39.1 ಕಿಲೋಮೀಟರ್ ಸಾಗಿ ಬಂದು ಇಲ್ಲಿ ಮುಗಿಯುತ್ತದೆ. ಸಾಗರದ ಕಡೆಯ ಓಹಾರಾದಿಂದ ಹೊರಟ ಇಸುಮಿ ರೈಲ್ವೆ 26.8 ಕಿಲೋಮೀಟರ್ ಬಂದು ಇಲ್ಲೇ ಮುಗಿಯುತ್ತದೆ. ಎರಡೂ ಒಂಟಿ ಹಳಿಯ ಮಾರ್ಗಗಳು, ಎರಡೂ ಡೀಸೆಲ್ ಗಾಡಿಯವು, ಎರಡರ ಗೇಜೂ 1067 ಮಿಲಿಮೀಟರ್. ಆದರೆ ಯಜಮಾನರು ಬೇರೆ, ಟಿಕೆಟ್ ಬೇರೆ, ವೇಳಾಪಟ್ಟಿ ಬೇರೆ. 2028ರ ಮೇ 16ಕ್ಕೆ ಈ ನಿಲ್ದಾಣಕ್ಕೆ ನೂರು ತುಂಬುತ್ತದೆ.

ಸಂಸ್ಥೆಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಒಂದು ಸಂಕಲ್ಪದಿಂದ ಶುರುಮಾಡಿ ಅದು ಈಡೇರಿದ ದಿನದ ಕಡೆಗೆ ನಡೆಯುತ್ತಾರೆ. ಕಜುಸಾ-ನಕಾನೊ ವಿಷಯದಲ್ಲಿ ಆ ದಾರಿ ಹಿಡಿದರೆ ಬರೆಯಲು ಏನೂ ಸಿಗುವುದಿಲ್ಲ. ಇಲ್ಲಿ ಕೂಡುವ ಎರಡು ಮಾರ್ಗಗಳಲ್ಲಿ ಒಂದಕ್ಕೂ ಈ ಊರಿಗೆ ಬಂದು ನಿಲ್ಲುವ ಉದ್ದೇಶವಿರಲಿಲ್ಲ. ಇಬ್ಬರೂ ಬೇರೆಲ್ಲಿಗೋ ಹೊರಟವರು, ನಡುದಾರಿಯಲ್ಲಿ ಸಂಧಿಸಿದರು, ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ.

ಮೊದಲು ಹೊರಟವರು ಕೊಮಿನಾತೊ ರೈಲ್ವೆಯವರು. ಕಂಪನಿ ಹುಟ್ಟಿದ್ದು 1917ರಲ್ಲಿ. ಕೊಮಿನಾತೊ ಎಂಬುದು ಪರ್ಯಾಯ ದ್ವೀಪದ ದಕ್ಷಿಣಕ್ಕೆ, ಸಾಗರದ ದಂಡೆಯಲ್ಲಿರುವ ಊರು. ಬೌದ್ಧ ಗುರು ನಿಚಿರೆನ್ 1222ರಲ್ಲಿ ಹುಟ್ಟಿದ್ದು ಅಲ್ಲಿ. ಅವರ ಜನ್ಮಸ್ಥಳದ ನೆನಪಿಗೆ ಎದ್ದ ತಂಜೋಜಿ ದೇವಾಲಯಕ್ಕೆ ಭಕ್ತರ ಓಡಾಟ ಹಿಂದಿನಿಂದಲೂ ಇತ್ತು. ಗೋಯಿಯಿಂದ ಅಲ್ಲಿಗೆ ರೈಲು ಹಾಕಿದರೆ ಯಾತ್ರಿಕರಿಂದ ಆದಾಯ ಬರುತ್ತದೆ, ದಾರಿಯುದ್ದದ ಹಳ್ಳಿಗಳಿಗೂ ಅನುಕೂಲ ಎಂಬುದು ಲೆಕ್ಕ. ಆದರೆ ಊರಿನವರ ಕೈಯಲ್ಲಿ ಅಷ್ಟು ಹಣವಿರಲಿಲ್ಲ. ಬ್ಯಾಂಕ್ ಉದ್ಯಮದ ದೊಡ್ಡ ಕುಳ ಯಸುದಾ ಜೆಂಜಿರೊ ನೆರವಿಗೆ ಬಂದ ಮೇಲೆ ಯೋಜನೆಗೆ ಕಾಲು ಬಂತು. ಟೋಕಿಯೊ ವಿಶ್ವವಿದ್ಯಾಲಯದ ಯಸುದಾ ಸಭಾಂಗಣಕ್ಕೆ ದುಡ್ಡು ಕೊಟ್ಟವರೂ ಇವರೇ. 1921ರಲ್ಲಿ ಅವರ ಕೊಲೆಯಾಯಿತು. ತಾವು ಬೆಂಬಲಿಸಿದ ರೈಲು ಓಡಿದ್ದನ್ನು ಅವರು ನೋಡಲಿಲ್ಲ.

1925ರ ಮಾರ್ಚ್ 7ರಂದು ಗೋಯಿಯಿಂದ ಸಾತೊಮಿವರೆಗೆ ಮೊದಲ ಗಾಡಿ ಓಡಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ತ್ಸುಕಿಜಾಕಿ ತನಕ, 1928ರ ಮೇ 16ರಂದು ಕಜುಸಾ-ನಕಾನೊ ತನಕ. ಭೂಪಟ ಬಿಚ್ಚಿ ನೋಡಿದರೆ ಈ ಕೊನೆಯ ತುಂಡಿನ ಕಷ್ಟ ಅರ್ಥವಾಗುತ್ತದೆ. ಗೋಯಿಯಿಂದ ಮಾರ್ಗ ಯೋರೋ ನದಿಯ ಕಣಿವೆ ಹಿಡಿದು ಏರುತ್ತಾ ಬರುತ್ತದೆ. ಆ ನದಿ ಸೇರುವುದು ಟೋಕಿಯೊ ಕೊಲ್ಲಿಯನ್ನು. ನಕಾನೊಗೆ ಮುಂಚಿನ ನಿಲ್ದಾಣದಿಂದ ಮುಂದೆ 4.2 ಕಿಲೋಮೀಟರ್‌ನಲ್ಲಿ ಕಣಿವೆ ಬಿಟ್ಟು, ಸುರಂಗದಲ್ಲಿ ತೂರಿ, ಆಚೆ ಬದಿಗೆ ಇಳಿಯಬೇಕು. ಅಲ್ಲಿನ ಹಳ್ಳಗಳು ಇಸುಮಿ ನದಿಯ ಮೂಲಕ ಪೆಸಿಫಿಕ್ ಸೇರುತ್ತವೆ. ಅಂದರೆ ಕಂಪನಿ ನೀರ್ಗಡಿಯನ್ನು ದಾಟಿಯಾಗಿತ್ತು. ಮುಂದೆ ಕೊಮಿನಾತೊ ಕಡೆಗೆ ಇನ್ನೊಂದು ಬೆಟ್ಟಸಾಲು ಉಳಿದಿತ್ತು, ಅದನ್ನು ಕೊರೆಯಲು ಬೇಕಾದ ಹಣ ಉಳಿದಿರಲಿಲ್ಲ.

ಹಣದ ಮಾತು ಹಾಗಿರಲಿ, ಹನ್ನೊಂದು ತಿಂಗಳಲ್ಲಿ ಗುರಿಯೇ ಕೈತಪ್ಪಿತು. 1929ರ ಏಪ್ರಿಲ್ 15ರಂದು ಸರ್ಕಾರಿ ರೈಲು ಕರಾವಳಿ ಸುತ್ತಿಕೊಂಡು ಕೊಮಿನಾತೊ ಊರಿಗೇ ಬಂತು. ಅವಾ-ಕೊಮಿನಾತೊ ನಿಲ್ದಾಣ ಶುರುವಾದದ್ದು ಆ ದಿನ. ತಂಜೋಜಿಗೆ ಹೋಗುವ ಭಕ್ತರಿಗೆ ಬೆಟ್ಟ ಹತ್ತಿ ಇಳಿಯುವ ಖಾಸಗಿ ಗಾಡಿಯ ಅಗತ್ಯ ಉಳಿಯಲಿಲ್ಲ. ಮುಟ್ಟದ ಊರಿನ ಹೆಸರನ್ನು ಕಂಪನಿ ಮಾತ್ರ ಇವತ್ತಿನವರೆಗೂ ಬಿಟ್ಟಿಲ್ಲ. ಇದನ್ನು ಹಟ ಅಂತ ಕರೆಯುವವರಿದ್ದಾರೆ. ಹೆಸರು ಬದಲಿಸಿದರೆ ಬೋರ್ಡಿನಿಂದ ಲೆಟರ್‌ಹೆಡ್‌ವರೆಗೆ ಎಷ್ಟು ಖರ್ಚು ಎಂದು ಬಲ್ಲ ಯಾವ ಸಣ್ಣ ಕಂಪನಿಯೂ ಹಾಗೆ ಅನ್ನಲಾರದು.

ಎರಡನೆಯ ಮಾರ್ಗದ ಕಥೆಗೆ ಪೀಠಿಕೆಯಾಗಿ ಇನ್ನೊಂದು ಗಾಡಿಯಿದೆ. 1912ರಲ್ಲಿ ಚಿಬಾ ಪ್ರಾಂತ್ಯದ ಸರ್ಕಾರ ಓಹಾರಾದಿಂದ ಓತಾಕಿಗೆ ಹಳಿ ಹಾಕಿಸಿ ಅದರ ಮೇಲೆ ಪ್ರಯಾಣಿಕರ ಪೆಟ್ಟಿಗೆಗಳನ್ನು ಓಡಿಸಿತು. ಎಂಜಿನ್ ಇಲ್ಲ, ಕುದುರೆ ಇಲ್ಲ. ಆಳುಗಳು ಹಿಂದಿನಿಂದ ತಳ್ಳಿಕೊಂಡು ಹೋಗುತ್ತಿದ್ದರು. ಜಪಾನಿನಲ್ಲಿ ಆ ಕಾಲಕ್ಕೆ ಇಂಥ ನರಚಾಲಿತ ರೈಲುಗಳು ಹಲವು ಕಡೆ ಇದ್ದವು. ಏರಿನಲ್ಲಿ ತಳ್ಳುವವರ ಪಾಡೇನು, ಇಳಿಜಾರಿನಲ್ಲಿ ಕೂತವರ ಪಾಡೇನು ಎಂಬುದನ್ನು ಓದುಗರ ಊಹೆಗೆ ಬಿಡುತ್ತೇನೆ. 1922ರಲ್ಲಿ ಅದು ಖಾಸಗಿಯವರ ಕೈಗೆ ಹೋಗಿ 1927ರಲ್ಲಿ ನಿಂತುಹೋಯಿತು, ಏಕೆಂದರೆ ಅದೇ ದಾರಿಯಲ್ಲಿ ಸರ್ಕಾರಿ ರೈಲು ಬರುವುದು ಖಚಿತವಾಗಿತ್ತು.

ಆ ಸರ್ಕಾರಿ ಮಾರ್ಗದ ಹೆಸರು ಕಿಹಾರಾ. ಕೊಲ್ಲಿಯ ಕಡೆಯ ಕಿಸರಜು, ಸಾಗರದ ಕಡೆಯ ಓಹಾರಾ, ಎರಡೂ ಊರುಗಳ ಹೆಸರಿನಿಂದ ಒಂದೊಂದು ಅಕ್ಷರ ತೆಗೆದು ಮಾಡಿದ ಹೆಸರು. ಪರ್ಯಾಯ ದ್ವೀಪವನ್ನು ಅಡ್ಡಕ್ಕೆ ಹೊಲಿಯುವ ಒಂದೇ ಮಾರ್ಗವಾಗಬೇಕೆಂಬುದು ರೈಲ್ವೆ ಇಲಾಖೆಯ ನಕ್ಷೆ. ಕಿಸರಜು ಕಡೆಯಿಂದ ಕುರುರಿವರೆಗೆ 1912ರಲ್ಲೇ ಪ್ರಾಂತ್ಯದ ಕಿರುಗೇಜ್ ರೈಲಿತ್ತು. ಸರ್ಕಾರ ಅದನ್ನು 1923ರಲ್ಲಿ ತನ್ನದಾಗಿಸಿಕೊಂಡು, 1930ರಲ್ಲಿ ಗೇಜ್ ಅಗಲಿಸಿ, 1936ರಲ್ಲಿ ಕಜುಸಾ-ಕಮೆಯಾಮಾ ತನಕ ಒಯ್ದಿತು. ಓಹಾರಾ ಕಡೆಯಿಂದ 1930ರ ಏಪ್ರಿಲ್ 1ರಂದು ಓತಾಕಿ, 1933ರಲ್ಲಿ ಫುಸಾಮೊತೊ, 1934ರ ಆಗಸ್ಟ್ 26ರಂದು ಕಜುಸಾ-ನಕಾನೊ. ಕಮೆಯಾಮಾಕ್ಕೂ ನಕಾನೊಗೂ ನಡುವೆ ಉಳಿದದ್ದು ಒಂದಿಷ್ಟು ಬೆಟ್ಟ. ಅದು ಇಂದಿಗೂ ಹಾಗೆಯೇ ಉಳಿದಿದೆ.

ಯಾಕೆ ಉಳಿಯಿತು ಎಂಬುದಕ್ಕೆ ಯುದ್ಧ, ಹಣದ ಮುಗ್ಗಟ್ಟು ಎಂಬ ಉತ್ತರ ಸಿದ್ಧವಾಗಿಯೇ ಇದೆ. ಯುದ್ಧದ ಕೊನೆಗಾಲದಲ್ಲಿ, 1944ರ ಡಿಸೆಂಬರ್‌ನಲ್ಲಿ, ಕುರುರಿಯಿಂದ ಕಮೆಯಾಮಾಕ್ಕೆ ಹಾಕಿದ್ದ ಹಳಿಯಲ್ಲೇ ಸಂಚಾರ ನಿಲ್ಲಿಸಿದ್ದರು. ಅದು ಮತ್ತೆ ಶುರುವಾದದ್ದು 1947ರಲ್ಲಿ. ಇದ್ದದ್ದನ್ನೇ ಓಡಿಸಲಾಗದ ಕಾಲದಲ್ಲಿ ಹೊಸದನ್ನು ಯಾರು ಕಟ್ಟಿಯಾರು? ನನಗೆ ತೋಚುವ ಇನ್ನೊಂದು ಕಾರಣವಿದೆ. ಸರ್ಕಾರಿ ರೈಲು ನಕಾನೊಗೆ ಬರುವಷ್ಟರಲ್ಲಿ ಅಲ್ಲಿ ಆರು ವರ್ಷದಿಂದ ಕೊಮಿನಾತೊದ ಗಾಡಿ ಓಡಾಡುತ್ತಿತ್ತು. ಸಾಗರದಂಚಿನಿಂದ ಕೊಲ್ಲಿಯಂಚಿಗೆ ಹೋಗಬೇಕಾದವನು ನಕಾನೊದಲ್ಲಿ ಇಳಿದು ಆ ಗಾಡಿ ಹತ್ತಿದರೆ ಗೋಯಿ ಸಿಗುತ್ತಿತ್ತು. ಕಿಸರಜು ಸಿಗದಿದ್ದರೂ ಪರ್ಯಾಯ ದ್ವೀಪ ದಾಟಿದ ಹಾಗಾಯಿತು. ತುರ್ತು ಇಲ್ಲದ ಕಾಮಗಾರಿ ಇಲಾಖೆಯ ಕಡತದಲ್ಲಿ ಎಷ್ಟು ಕಾಲ ಮಲಗಬಲ್ಲದು ಎಂಬುದನ್ನು ಯಾವ ದೇಶದವರಿಗೂ ವಿವರಿಸಬೇಕಿಲ್ಲ.

ಹೀಗೆ ನಿಲ್ದಾಣ ಹಂಚಿಕೆಯ ನಿಲ್ದಾಣವಾಯಿತು. ಮರದ ದಿಮ್ಮಿಗಳ ಮನೆಯ ಹಾಗಿರುವ ಪುಟ್ಟ ಕಟ್ಟಡ, ಸಿಬ್ಬಂದಿ ಯಾರೂ ಇಲ್ಲ. ಅದರ ಮುಂದೆ ಬಿದಿರಿನ ಗಳುವಿನ ಆಕಾರದಲ್ಲಿ ಕಟ್ಟಿದ ಶೌಚಾಲಯವೊಂದಿದೆ. ಓತಾಕಿ ಕಳಲೆಗೆ ಹೆಸರಾದ ಸೀಮೆ, ಹಾಗಾಗಿ. ಕೊಮಿನಾತೊದ ಗಾಡಿಗೆ ಕೆನೆ ಮತ್ತು ಕೆಂಪು ಬಣ್ಣ, ಇಸುಮಿಯದಕ್ಕೆ ಹಳದಿಗೆ ಹಸಿರು ಪಟ್ಟಿ. ಒಂದರಿಂದ ಇಳಿದು ಇನ್ನೊಂದಕ್ಕೆ ಹತ್ತಲು ಕೆಲವೇ ಹೆಜ್ಜೆ. ಆದರೆ ಎರಡೂ ಕಂಪನಿಗಳ ವೇಳೆ ಸದಾ ಹೊಂದಿಕೊಳ್ಳುತ್ತಿರಲಿಲ್ಲ. ತಪ್ಪಿದರೆ ಬೆಂಚಿನ ಮೇಲೆ ಕೂತು ಕಾಯಬೇಕಿತ್ತು, ಸುತ್ತ ಕಾಲ ಕಳೆಯಲು ಅಂಗಡಿ ಮುಂಗಟ್ಟಿನ ಸಾಲೇನೂ ಇಲ್ಲ. ಎರಡು ಕಂಪನಿಗಳೂ ಸೇರಿ ಒಂದು ಉಪಾಯ ಮಾಡಿದವು: ಗೋಯಿಯಿಂದ ಓಹಾರಾಕ್ಕೆ, ಅಥವಾ ಅಲ್ಲಿಂದ ಇಲ್ಲಿಗೆ, ಒಂದೇ ಅಡ್ಡದಾಟು ಟಿಕೆಟ್. ನಡುವೆ ಎಲ್ಲಿ ಬೇಕಾದರೂ ಇಳಿದು ಹತ್ತಬಹುದಿತ್ತು, ಬಂದ ದಾರಿಯಲ್ಲಿ ಹಿಂದಕ್ಕೆ ಹೋಗುವ ಹಾಗಿರಲಿಲ್ಲ. ನಕ್ಷೆಯ ಮೇಲೆ ಇಲಾಖೆ ಎಳೆದು ಬಿಟ್ಟುಬಿಟ್ಟ ಗೆರೆಯನ್ನು ಟಿಕೆಟ್ಟಿನ ಮೇಲಾದರೂ ಪೂರ್ತಿ ಮಾಡಿದರು ಅನ್ನಬಹುದು.

ಕೊಮಿನಾತೊ ಕಡೆಯಿಂದ ನಕಾನೊಗೆ ಗಾಡಿಗಳು ಯಾಕಿಷ್ಟು ಕಡಿಮೆ ಎಂದು ಕೇಳುವವರಿಗೆ ಉತ್ತರದ ಒಂದು ಭಾಗ ಸಾತೊಮಿಯಲ್ಲಿ ಸಿಗುತ್ತದೆ. ಗೋಯಿಯಿಂದ 25.7 ಕಿಲೋಮೀಟರ್ ದೂರದ ಈ ನಿಲ್ದಾಣದಲ್ಲಿ ಸಿಬ್ಬಂದಿ ಪ್ಲಾಟ್‌ಫಾರ್ಮಿಗೆ ಬಂದು ಚಾಲಕನ ಕೈಗೆ ಟೋಕನ್ ಕೊಡುತ್ತಾರೆ. ಇಲ್ಲಿಂದ ನಕಾನೊವರೆಗಿನ 13.4 ಕಿಲೋಮೀಟರ್‌ಗೂ ಸೇರಿ ಇರುವುದು ಆ ಒಂದು ಟೋಕನ್. ಅದು ಕೈಯಲ್ಲಿಲ್ಲದೆ ಯಾವ ಗಾಡಿಯೂ ಮುಂದೆ ಹೋಗುವಂತಿಲ್ಲ. ಹೋದ ಗಾಡಿ ಅದನ್ನು ಹಿಂದಕ್ಕೆ ತರುವತನಕ ಇನ್ನೊಂದು ಗಾಡಿ ಕಾಯಬೇಕು. ಸಿಗ್ನಲ್‌ಗಳ ಸರಣಿ, ಕಂಟ್ರೋಲ್ ರೂಮಿನ ಪರದೆ ಏನೂ ಬೇಡದ ಈ ಪದ್ಧತಿ ಹಳೆಯದು, ಅಗ್ಗದ್ದು, ಎದುರುಬದುರು ಡಿಕ್ಕಿಯಾಗಲು ಅವಕಾಶವೇ ಕೊಡದಂಥದ್ದು. ಅದರ ಬೆಲೆ ಗಾಡಿಗಳ ಸಂಖ್ಯೆಯಲ್ಲಿ ತೆರಬೇಕು, ಅಷ್ಟೆ. ಎದುರಿನ ಗಾಡಿ ದಾಟಿಸುವ ಸೌಲಭ್ಯ ಸಾತೊಮಿಗೆ ಮರಳಿ ಬಂದದ್ದೇ 2013ರಲ್ಲಿ.

ಕೊಮಿನಾತೊ ರೈಲ್ವೆ ನೂರು ವರ್ಷ ಹೇಗೆ ಬದುಕಿತು ಎಂಬುದಕ್ಕೆ ಉತ್ತರ ಹಳಿಯ ಮೇಲಿಲ್ಲ, ರಸ್ತೆಯ ಮೇಲಿದೆ. ಆ ಕಂಪನಿ ಬಸ್ ಕಂಪನಿಯೂ ಹೌದು. ರೈಲಿನಿಂದ ಬರುವುದಕ್ಕಿಂತ ಬಸ್ಸಿನಿಂದ ಬರುವುದೇ ಅದರ ಅನ್ನ. ಉಳಿದದ್ದು ಜಿಪುಣತನ. ಒಳ್ಳೆಯ ಅರ್ಥದಲ್ಲೇ ಹೇಳುತ್ತಿದ್ದೇನೆ. 1961ರಿಂದ 1977ರ ನಡುವೆ ಕೊಂಡ ಹದಿನಾಲ್ಕು ಕಿಹಾ 200 ಡೀಸೆಲ್ ಗಾಡಿಗಳನ್ನೇ ಅದು ಅರ್ಧ ಶತಮಾನ ದಾಟಿಸಿ ಓಡಿಸಿತು. ಜೊತೆಗೆ ಬೇಕಾದಾಗ 2020ರ ಹೊತ್ತಿಗೆ ಕೊಂಡದ್ದೂ ಹೊಸದಲ್ಲ, ಜಪಾನಿನ ರಾಷ್ಟ್ರೀಯ ರೈಲ್ವೆ ಒಡೆದು ಹುಟ್ಟಿದ ಜೆಆರ್ ಈಸ್ಟ್ ಕೈಬಿಟ್ಟ ಹಳೆಯ ಕಿಹಾ 40. ನಿಲ್ದಾಣದ ಮರದ ಕಟ್ಟಡಗಳನ್ನು ಕೆಡವಿ ಕಾಂಕ್ರೀಟ್ ಹಾಕುವಷ್ಟು ದುಡ್ಡೂ ಇರಲಿಲ್ಲ, ಮನಸ್ಸೂ ಇರಲಿಲ್ಲ. 2017ರಲ್ಲಿ ಅದೇ ಕಟ್ಟಡಗಳು, ಸೇತುವೆ, ಸುರಂಗಗಳ ಸಮೇತ, ದೇಶದ ನೋಂದಾಯಿತ ಸಾಂಸ್ಕೃತಿಕ ಆಸ್ತಿಗಳ ಪಟ್ಟಿ ಸೇರಿದವು.

ಕಂಪನಿಗೆ ತನ್ನ ಹಳೆತನದ ಬೆಲೆ ತಿಳಿದದ್ದು ಸ್ವಲ್ಪ ತಡವಾಗಿ, ಆದರೆ ಚೆನ್ನಾಗಿಯೇ ತಿಳಿಯಿತು. 2015ರ ನವೆಂಬರ್‌ನಿಂದ ಓಡುತ್ತಿರುವ ಸಾತೊಯಾಮಾ ಟ್ರಾಲಿ ಗಾಡಿಯ ಎಂಜಿನ್, ಶುರುವಿನ ದಿನಗಳಲ್ಲಿ ಇಲ್ಲಿ ದುಡಿದ ಜರ್ಮನಿಯ ಕೊಪ್ಪೆಲ್ ಉಗಿಬಂಡಿಯ ರೂಪದ್ದು. ಒಳಗಿರುವುದು ಮಾತ್ರ ಡೀಸೆಲ್. ಆ ಗಾಡಿ ಯೋರೋ-ಕೇಕೊಕುವರೆಗೆ ಬಂದು ಹಿಂತಿರುಗುತ್ತದೆ, ನಕಾನೊಗೆ ಬರುವುದಿಲ್ಲ. ಯೋರೋ-ಕೇಕೊಕು ಅಂದರೆ ಯೋರೋ ಕಮರಿ. ಮೊದಲು ಆ ನಿಲ್ದಾಣಕ್ಕೆ ಅಸೋಬಾರಾ ಎಂದು ಊರಿನ ಹೆಸರೇ ಇತ್ತು, ಪ್ರವಾಸಿಗರಿಗೆಂದು 1954ರಲ್ಲಿ ಬದಲಾಯಿಸಿದರು. ಅದೇ ನಿಲ್ದಾಣದ ಮುಂದೆ ಈಚೆಗೆ ಕಂಪನಿ ಇನ್ನೊಂದು ಕೆಲಸ ಕೈಗೆತ್ತಿಕೊಂಡಿತು: ಅಂಗಳದ ಡಾಂಬರನ್ನು ಕಿತ್ತು ಮರ ನೆಡುವುದು. ‘ಹಿಮ್ಮುಖ ಅಭಿವೃದ್ಧಿ’ ಎಂದೇ ಅದಕ್ಕೆ ಹೆಸರಿಟ್ಟರು. ವಾಹನ ನಿಲ್ಲಿಸುವ ಜಾಗವನ್ನು ಕಾಡಿಗೆ ಬಿಟ್ಟುಕೊಡುವ ಸಾರಿಗೆ ಕಂಪನಿಯನ್ನು ನಾನಂತೂ ಬೇರೆ ಕೇಳಿಲ್ಲ.

ದಾರಿಯಲ್ಲಿ ತ್ಸುಕಿಜಾಕಿ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಇದರ ಹತ್ತಿರ ಯೋರೋ ನದಿಯ ದಡದಲ್ಲಿ ಬಯಲಾಗಿರುವ ಕೆಸರುಗಲ್ಲಿನ ಪದರಗಳಲ್ಲಿ ಭೂಮಿಯ ಕಾಂತಧ್ರುವಗಳು ಕೊನೆಯ ಸಲ ಅದಲುಬದಲಾದ ದಾಖಲೆಯಿದೆ. 2020ರ ಜನವರಿಯಲ್ಲಿ ಅಂತರರಾಷ್ಟ್ರೀಯ ಭೂವಿಜ್ಞಾನ ಒಕ್ಕೂಟ 7,74,000 ವರ್ಷದಿಂದ 1,29,000 ವರ್ಷದ ಹಿಂದಿನವರೆಗಿನ ಅವಧಿಗೆ ಚಿಬಾದ ಹೆಸರನ್ನೇ ಇಟ್ಟು ‘ಚಿಬೇನಿಯನ್’ ಎಂದು ಅಂಗೀಕರಿಸಿತು. ಭೂಮಿಯ ಕಾಲಗಣನೆಯಲ್ಲಿ ಸ್ಥಾನ ಪಡೆದ ಜಾಗಕ್ಕೆ ಹೋಗಬೇಕಾದವರು ಇಳಿಯುವುದು ಒಂದು ಪ್ಲಾಟ್‌ಫಾರ್ಮಿನ ಹಳ್ಳಿ ನಿಲ್ದಾಣದಲ್ಲಿ.

ಇನ್ನು ಪೂರ್ವದ ಮಾರ್ಗ. ಕಿಹಾರಾ ಯಾವತ್ತೂ ಲಾಭದ ಮುಖ ಕಂಡದ್ದಲ್ಲ. 1954ರಲ್ಲಿ ಜಪಾನಿನ ರಾಷ್ಟ್ರೀಯ ರೈಲ್ವೆ ಖರ್ಚು ಉಳಿಸಲು ಬಸ್ಸಿನ ಮೈಕಟ್ಟಿನ ‘ರೈಲ್‌ಬಸ್’ ತಂದಾಗ ಮೊದಲು ಬಿಟ್ಟದ್ದು ಇದೇ ಮಾರ್ಗದಲ್ಲಿ; ಜನ ಎಷ್ಟು ಕಡಿಮೆ ಎಂಬುದಕ್ಕೆ ಅದೇ ಸಾಕ್ಷಿ. 1981ರಲ್ಲಿ ಕೈಬಿಡಬೇಕಾದ ಮಾರ್ಗಗಳ ಮೊದಲ ಪಟ್ಟಿ ಬಂದಾಗ ಅದರಲ್ಲಿದ್ದ ನಲವತ್ತರಲ್ಲಿ ಕಿಹಾರಾ ಒಂದು. 1987ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ರೈಲ್ವೆಯೇ ಹೋಳಾಗಿ ಖಾಸಗಿಯಾಯಿತು. ಅದೇ ವರ್ಷ ಜುಲೈನಲ್ಲಿ ಪ್ರಾಂತ್ಯ, ಊರ ಪುರಸಭೆಗಳು, ಖಾಸಗಿಯವರು ಪಾಲು ಹಾಕಿ ಇಸುಮಿ ರೈಲ್ವೆ ಕಂಪನಿ ಕಟ್ಟಿದರು. 1988ರ ಮಾರ್ಚ್ 24ರಿಂದ ಗಾಡಿ ಅವರದ್ದು. ಕಿಸರಜುವಿನ ನೆನಪು ಉಳಿಸಿದ್ದ ಹಳೆಯ ಹೆಸರು ಅಂದು ಹೋಯಿತು. ಹೊಸ ಹೆಸರು ಗಾಡಿ ನಿಜವಾಗಿ ಓಡುವ ಸೀಮೆಯದು.

ಆದರೆ ಈ ಕಂಪನಿಗೆ ಆಸರೆಯಾಗಿ ಬಸ್ಸುಗಳಿರಲಿಲ್ಲ. ಹೈಸ್ಕೂಲು ಮಕ್ಕಳ ಪಾಸಿನ ಹಣ, ಪುರಸಭೆಗಳ ನೆರವು, ಇಷ್ಟರಲ್ಲೇ ನಡೆಯಬೇಕು. ಮಕ್ಕಳ ಸಂಖ್ಯೆ ವರ್ಷ ವರ್ಷ ಇಳಿಯುತ್ತಿತ್ತು. ಕೊನೆಗೆ ಅಧ್ಯಕ್ಷರನ್ನೇ ಜಾಹೀರಾತು ಕೊಟ್ಟು ಹುಡುಕಿದರು. 2009ರಲ್ಲಿ ಬಂದವರು ವಿಮಾನ ಕಂಪನಿಯಲ್ಲಿ ದುಡಿದಿದ್ದ ತೊರಿಜುಕಾ ಅಕಿರಾ, ಸ್ವತಃ ರೈಲು ಹುಚ್ಚಿನವರು. 2018ರವರೆಗೆ ಅವರು ಮಾಡಿದ ಪ್ರಯೋಗಗಳ ಪಟ್ಟಿ ಉದ್ದ. ಫಿನ್ಲೆಂಡಿನ ಮೂಮಿನ್ ಬೊಂಬೆಗಳ ಚಿತ್ರ ಅಂಟಿಸಿದ ಗಾಡಿ ಓಡಿಸಿದರು. ನಿಲ್ದಾಣಗಳ ಹೆಸರಿಗೆ ಪ್ರಾಯೋಜಕರನ್ನು ಹಿಡಿದರು, ಹೊಂಡಾ ತದಕತ್ಸು ಎಂಬ ಸೇನಾನಿ 1590ರಲ್ಲಿ ಕೋಟೆ ಆಳಲು ಬಂದ ಓತಾಕಿಯ ಹೆಸರಿನ ಹಿಂದೆ ದಂತಚಿಕಿತ್ಸೆಯ ಕಂಪನಿಯೊಂದು ತಗುಲಿಕೊಂಡಿತು. ಸುಮಾರು 70 ಲಕ್ಷ ಯೆನ್ ತರಬೇತಿ ವೆಚ್ಚವನ್ನು ತಾವೇ ಹೊತ್ತರೆ ಚಾಲಕರಾಗಬಹುದು ಎಂದು 2010ರಲ್ಲಿ ಕರೆಕೊಟ್ಟರು. ನಗೆಪಾಟಲಾಗುತ್ತದೆ ಅಂದುಕೊಂಡವರಿದ್ದರು, ಹಣ ಕಟ್ಟಿ ಕಲಿತು ಲೈಸೆನ್ಸ್ ಪಡೆದು ಗಾಡಿ ಓಡಿಸಿದವರೂ ಇದ್ದರು.

ಇವೆಲ್ಲಕ್ಕಿಂತ ಜನರನ್ನು ಎಳೆದದ್ದು ಗುಜರಿ ಸೇರಬೇಕಿದ್ದ ಎರಡು ಗಾಡಿಗಳು. ಜೆಆರ್ ವೆಸ್ಟ್‌ನ ಓಇತೊ ಮಾರ್ಗದಲ್ಲಿ 2010ರವರೆಗೆ ಓಡಿದ್ದ ಕಿಹಾ 52 ಗಾಡಿಯನ್ನು ಕೊಂಡು ತಂದು 2011ರಲ್ಲಿ ಹಳಿಗಿಳಿಸಿದರು. 2013ರಲ್ಲಿ ಕಿಹಾ 28 ಬಂತು, 2022ರವರೆಗೆ ದುಡಿಯಿತು. ಜಪಾನಿನಲ್ಲಿ ಬೇರೆಲ್ಲೂ ಓಡದ ಗಾಡಿಯ ಸದ್ದು ಕೇಳಲು, ಫೋಟೊ ತೆಗೆಯಲು ಟೋಕಿಯೊದಿಂದ ಜನ ಬಂದರು. ಊರಿನವರು ಹಳಿಯ ಪಕ್ಕ ಸಾಸಿವೆ ಜಾತಿಯ ನಾನೊಹಾನಾ ಬಿತ್ತಿದರು. ಮಾರ್ಚ್ ತಿಂಗಳಲ್ಲಿ ಹಳದಿ ಹೂವಿನ ನಡುವೆ ಹಳದಿ ಗಾಡಿ. ಪತ್ರಿಕೆಗಳು ಬರೆದವು, ಟಿವಿಯವರು ಬಂದರು. ಮಾರ್ಗ ಉಳಿಸಿಕೊಳ್ಳುವುದೆಂದು 2010ರಲ್ಲಿ ತೀರ್ಮಾನವಾಗಿತ್ತು. ಅದರ ಮುಂದಿನ ವರ್ಷಗಳಲ್ಲಿ ಇಸುಮಿ ಹೆಸರು ದೇಶದ ತುಂಬ ಪರಿಚಿತವಾಯಿತು.

ಹೆಸರು ಬಂದದ್ದು ಗಾಡಿಗೆ. ಗಾಡಿಯ ಕೆಳಗಿನ ಮರದ ಸ್ಲೀಪರ್‌ಗಳಿಗೆ ಬರಲಿಲ್ಲ. ಮಳೆ ಬಿಸಿಲಿನಲ್ಲಿ ಮರ ಒಳಗಿಂದೊಳಗೆ ಕೊಳೆಯುತ್ತದೆ. ಹಳಿಯನ್ನು ಹಿಡಿದಿಟ್ಟಿರುವ ಮೊಳೆ ಆಗ ಸಡಿಲವಾಗುತ್ತದೆ, ಗಾಡಿಯ ಭಾರಕ್ಕೆ ಹಳಿಗಳು ಒಂದಕ್ಕೊಂದು ದೂರ ಸರಿಯುತ್ತವೆ. 1067 ಮಿಲಿಮೀಟರ್ ಇರಬೇಕಾದ ಅಂತರ ಒಂದು ಮಿತಿ ಮೀರಿದರೆ ಚಕ್ರ ಒಳಕ್ಕೆ ಬೀಳುತ್ತದೆ. 2024ರ ಅಕ್ಟೋಬರ್ 4ರ ಬೆಳಗ್ಗೆ, ಶಾಲೆಯ ಹೊತ್ತಿನಲ್ಲಿ, ಕುನಿಯೋಶಿ ಮತ್ತು ಕಜುಸಾ-ನಕಗಾವಾ ನಿಲ್ದಾಣಗಳ ನಡುವೆ ಎರಡು ಬೋಗಿಯ ಗಾಡಿ ಹೀಗೆ ಹಳಿ ತಪ್ಪಿತು. ಒಳಗಿದ್ದವರಲ್ಲಿ ಬಹುಪಾಲು ಹೈಸ್ಕೂಲು ವಿದ್ಯಾರ್ಥಿಗಳು. ಯಾರಿಗೂ ಗಾಯವಾಗಲಿಲ್ಲ. ಆದರೆ ಅಂದಿನಿಂದ ಇಡೀ ಮಾರ್ಗದಲ್ಲಿ ರೈಲು ನಿಂತು, ಬದಲಿ ಬಸ್ಸುಗಳು ಓಡತೊಡಗಿದವು. ದುರಸ್ತಿ ಎಂದರೆ ಬಿದ್ದ ಜಾಗ ಸರಿಪಡಿಸುವುದಲ್ಲ, 26.8 ಕಿಲೋಮೀಟರ್ ಉದ್ದಕ್ಕೂ ಸ್ಲೀಪರ್ ನೋಡಿ ಬದಲಿಸುವುದು. ಮರದ ಜಾಗಕ್ಕೆ ಕಾಂಕ್ರೀಟ್ ಹಾಕಿದರೆ ಬಾಳಿಕೆ ಹೆಚ್ಚು, ಖರ್ಚೂ ಹೆಚ್ಚು.

ಈ ಪ್ರಸಂಗವನ್ನು ನಿಲ್ದಾಣದ ನೂರರ ನೆನಪಿನ ಬರಹದಲ್ಲಿ ಇಷ್ಟು ವಿವರವಾಗಿ ಹೇಳಬೇಕಿತ್ತೇ ಎಂದು ಕೇಳುವವರಿರಬಹುದು. ಮೂಮಿನ್ ಗಾಡಿಗೂ ಹೂವಿಗೂ ಕೊಟ್ಟಷ್ಟೇ ಸಾಲು ಸ್ಲೀಪರಿಗೂ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಪ್ರವಾಸಿಗರು ತರುವ ಹಣ ಕಣ್ಣಿಗೆ ಕಾಣುತ್ತದೆ. ಹಳಿಯಡಿಯ ಮರ ಬದಲಿಸಿದ ಖರ್ಚು ಯಾರ ಫೋಟೊದಲ್ಲೂ ಬರುವುದಿಲ್ಲ. ಕಮೆಯಾಮಾ ಕಡೆಯ ಸುದ್ದಿಯೂ ಬೇರೆಯಾಗಿಲ್ಲ. ಅಪಘಾತದ ಮರುತಿಂಗಳು, 2024ರ ನವೆಂಬರ್‌ನಲ್ಲಿ, ಕುರುರಿಯಿಂದ ಕಜುಸಾ-ಕಮೆಯಾಮಾದ 9.6 ಕಿಲೋಮೀಟರ್ ರೈಲು ನಿಲ್ಲಿಸಿ ರಸ್ತೆ ಸಾರಿಗೆಗೆ ಬದಲಿಸುವ ಇಂಗಿತವನ್ನು ಜೆಆರ್ ಈಸ್ಟ್ ಪ್ರಕಟಿಸಿತು. ಕಿಹಾರಾ ಮಾರ್ಗ ಕೈಚಾಚಿ ಮುಟ್ಟಬೇಕಿದ್ದ ಆಚೆ ತುದಿ ಅದು.

ಇಸುಮಿಯ ಗಾಡಿ ನಿಂತ ಮೇಲೆ ಹಂಚಿಕೆಯ ನಿಲ್ದಾಣಕ್ಕೆ ಒಂದೇ ಕಡೆಯ ಗಾಡಿ ಬರುವಂತಾಯಿತು. ಇಸುಮಿಯ ದುರಸ್ತಿ ಹಂತ ಹಂತವಾಗಿ, ಓಹಾರಾ–ಓತಾಕಿ ಭಾಗ ಮೊದಲು ಎಂಬ ಕ್ರಮದಲ್ಲಿ ಯೋಜಿತವಾಗಿದೆ. ಶಾಲೆ ಕಾಲೇಜಿಗೆ ಹೋಗುವವರ ಓಡಾಟ ಅಲ್ಲೇ ಜಾಸ್ತಿ, ಕೋಟೆ ನೋಡಲು ಬರುವವರೂ ಅಲ್ಲಿಗೇ ಬರುತ್ತಾರೆ. ಮಾರ್ಗ ಕಟ್ಟಿದಾಗಲೂ ಕ್ರಮ ಇದೇ ಇತ್ತು. ಓತಾಕಿಗೆ 1930ರಲ್ಲಿ ಬಂದ ಗಾಡಿಗಾಗಿ ನಕಾನೊದವರು 1934ರವರೆಗೆ ಕಾದಿದ್ದರು.